ಪಪ್ಪನ ಮನೆಯಲ್ಲಿ ಮಂಗಳವಾರ ಇರಲಿಲ್ಲ

ಕಳೆದ ಮಳೆಗಾಲ ಮುಗಿದ ಮೇಲೆ ಮಣಿಪಾಲದಿಂದ ಕೆಲವು ಕಾಲೇಜು ಮಕ್ಕಳು ಕ್ಯಾಮರಾ ಹೊತ್ತುಕೊಂಡು ಉದ್ಯಾವರದ ನಮ್ಮ ಮನೆಗೆ ಬಂದರು. ನನ್ನ ಪಪ್ಪನ ಬಗ್ಗೆ ಒಂದು ಸಣ್ಣ ಚಿತ್ರ ಮಾಡುತ್ತಾರಂತೆ. ಪಪ್ಪ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ ಅವರಿಗೆ ಈಗ ಒಂದು ಬಿರುದು ಸಿಕ್ಕಿದೆ, ಆನಂದದ ಕವಿ ಎಂದು. ಬದುಕಿದ್ದಾಗ ಅವರನ್ನು ಊರಿನವರು ಕರೆಯುತ್ತಿದ್ದದ್ದು ಸಮಾಧಿ ಕಲ್ಲಿನ ಪೊರ್ಬುಗಳು ಎಂದು. ತುಳುವಿನಲ್ಲಿ ನಮ್ಮಂಥ ಕ್ರೈಸ್ತ ಗಂಡಸರಿಗೆ ಪೊರ್ಬು ಎನ್ನುವುದು ವಾಡಿಕೆ. ಕಾರ್ಕಳದ ಕರಿಕಲ್ಲು ತರಿಸಿ, ಅದರ ಮೇಲೆ ಸತ್ತವರ ಹೆಸರು ಕೆತ್ತುವುದು ಅವರ ಕಸುಬು. ನಡುನಡುವೆ ಕವಿತೆ. ಬಂದ ಮಕ್ಕಳಲ್ಲಿ ಒಬ್ಬಳು ಹುಡುಗಿ, ಪಾಪ, ಒಳ್ಳೆಯವಳೇ, ನನ್ನ ಮುಂದೆ ಮೈಕು ಹಿಡಿದು ಕೇಳಿದಳು:

"ಆಂಟಿ, ಇಂಥ ಕವಿಯ ಮಗಳಾಗಿ ನಿಮ್ಮ ಬಾಲ್ಯ ತುಂಬಾ ಸಂತೋಷದ್ದು ಇದ್ದಿರಬೇಕು, ಅಲ್ವಾ?"

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಹೌದು ಮಗಾ ಎಂದೆ, ಚಹಾ ಕೊಟ್ಟೆ, ಕಳಿಸಿದೆ. ಅವರು ಅಲ್ಲಿಂದ ಸೀದಾ ಇಗರ್ಜಿಯ ಹಿಂದಿನ ಸಿಮಿತ್ರಿಗೆ, ಅಂದರೆ ನಮ್ಮ ಚರ್ಚಿನ ಸಮಾಧಿ ಭೂಮಿಗೆ ಹೋಗಿ ಒಂದು ಸಣ್ಣ ಕಲ್ಲಿನ ಫೋಟೊ ತೆಗೆದು ನನಗೂ ಕಳಿಸಿದರು. ಪಪ್ಪನ ಅತಿ ಪ್ರಸಿದ್ಧ ಸಾಲುಗಳು ಇರುವುದು ಆ ಕಲ್ಲಿನ ಮೇಲೆ. "ಇಲ್ಲಿ ಯಾರೂ ಮಲಗಿಲ್ಲ. ಬೆಳಕು ಎದ್ದು ಹೋದ ಜಾಗ ಇದು." ಆ ಸಾಲುಗಳ ಮೇಲೆ ಭಾಷಣಗಳಾಗಿವೆ. ಸತ್ಯ, ಆನಂದ, ಆತ್ಮ ಎಂದೆಲ್ಲ ದೊಡ್ಡ ದೊಡ್ಡವರು ಬರೆದಿದ್ದಾರೆ. ಆ ಎರಡು ಸಾಲುಗಳ ಕೆಳಗೆ ಇನ್ನೊಂದು ಉಂಟು. ಅದನ್ನು ಯಾರೂ ಫೋಟೊದಲ್ಲಿ ಉಳಿಸಿಕೊಳ್ಳುವುದಿಲ್ಲ, ಕತ್ತರಿಸಿಬಿಡುತ್ತಾರೆ. ಅದು ನನ್ನ ತಮ್ಮನ ಹೆಸರು. ಆ ಹೆಸರು ಅಲ್ಲಿಗೆ ಬರಲಿಕ್ಕೆ ನನ್ನ ಅಮ್ಮ ಪಟ್ಟ ಪಾಡನ್ನು ಯಾರಾದರೂ ಒಬ್ಬರು ಹೇಳಬೇಕಲ್ಲ, ನಾನೇ ಹೇಳುತ್ತೇನೆ.

ನಮ್ಮ ಮನೆ ಹೆದ್ದಾರಿಯಿಂದ ಪಡುವಣಕ್ಕೆ ಇಳಿಯುವ ಓಣಿಯ ಕೊನೆಯಲ್ಲಿತ್ತು. ಮುಂದೆ ಉದ್ದದ ಜಗಲಿ, ಒಳಗೆ ಎಲ್ಲರೂ ಕೂರುವ ಒಂದು ಸಾಲೆ, ಬಲಕ್ಕೆ ಮಲಗುವ ಕೋಣೆ, ಹಿಂದೆ ಅಡುಗೆಮನೆ. ಬೇರೆಯವರ ಜಗಲಿಯಲ್ಲಿ ಬೆಂಚು ಇದ್ದರೆ ನಮ್ಮ ಜಗಲಿಯಲ್ಲಿ ಗೋಡೆಗೆ ಒರಗಿಸಿಟ್ಟ ಸಮಾಧಿ ಕಲ್ಲುಗಳು. ನಾನು ಅಕ್ಷರ ಕಲಿತದ್ದು ಅವುಗಳ ಮೇಲೆಯೇ. ಕಾಪುವಿನ ಯಾವುದೋ ಮುದುಕಿಯ ಹೆಸರಿನ ಮೊದಲ ಅಕ್ಷರದ ಗುಂಡಿಯಲ್ಲಿ ಬೆರಳಿಟ್ಟು ತಿದ್ದಿ ತಿದ್ದಿ ಬರೆಯಲು ಕಲಿತೆ. ಇಡೀ ಮನೆಯಲ್ಲಿ ಕಲ್ಲಿನ ಪುಡಿ. ಚಾಪೆಯ ಮೇಲೆ, ಗಂಜಿಯ ಮೇಲೆ, ಅಮ್ಮನ ಕೂದಲಿನಲ್ಲಿ. ಬೆಳಗಿನ ಬಿಸಿಲು ಜಗಲಿಗೆ ಬೀಳುವ ಹೊತ್ತಿಗೆ ಆ ಪುಡಿ ಗಾಳಿಯಲ್ಲಿ ನಿಂತು ಮಿನುಗುತ್ತಿತ್ತು, ಪಪ್ಪ ಉಳಿ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅದರೊಳಗೆ ಅವರಿಗೆ ಜನ ಕಾಣುತ್ತಿದ್ದರು. ಬೆಳಕಿನವರು ಎಂದು ಹೇಳುತ್ತಿದ್ದರು. "ಇವತ್ತು ಬಂದಿದ್ದರು ಮಾರಾಯ್ತಿ" ಎಂದು ಅಮ್ಮನಿಗೆ ಹೇಳುವಾಗ ಅವರ ದನಿ ನೆಂಟರು ಬಂದು ಹೋದ ಹಾಗೆ ಇರುತ್ತಿತ್ತು. ಆಮೇಲೆ ಖಾಲಿ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಸಾಲು ಬರೆಯುತ್ತಿದ್ದರು. ಕಲ್ಲು ಕೆತ್ತುವ ದಿನ ಬಂದರೆ ನೀರು ಹಾಕಿ ತೊಳೆದುಬಿಡುತ್ತಿದ್ದರು. ಕಾರ್ಕಳದ ಮಾಸ್ಟ್ರೊಬ್ಬರು ಕಲ್ಲು ಆರಿಸಲು ಬಂದಾಗೆಲ್ಲ ಬರೆದುಕೊಂಡು ಹೋಗಿ ಪತ್ರಿಕೆಗಳಿಗೆ ಕಳಿಸಿದ್ದರಿಂದ ಇಷ್ಟಾದರೂ ಉಳಿಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವರು ನಾಟಕ ಮಾಡುತ್ತಿರಲಿಲ್ಲ. ಅವರಿಗೆ ನಿಜವಾಗಿ ಕಾಣುತ್ತಿತ್ತು. ನಾಟಕವಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ, ನಕ್ಕು ಬಿಟ್ಟುಬಿಡುತ್ತಿದ್ದೆ. ಭಾನುವಾರ ಸಂಜೆ ನಮ್ಮಿಬ್ಬರನ್ನೂ ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ನಿಲ್ಲಿಸಿ, ಮುಳುಗುವ ಸೂರ್ಯನ ಕಡೆ ಕೈ ಚಾಚಿ, "ಸಂತೋಷ ಎಂದರೆ ಬಾವಿಯ ಒರತೆ ಮಕ್ಕಳೇ, ಅದು ನೀವು ಮಾಡಿದ್ದಲ್ಲ, ಕೆಳಗೆ ಇದ್ದದ್ದೇ. ಮೇಲಿನ ಮಣ್ಣು ತೆಗೆದರೆ ಸಾಕು" ಎಂದಾಗ ನನಗೂ ಮೈ ಜುಮ್ಮೆನ್ನುತ್ತಿತ್ತು. ತಮ್ಮ ಸಿರಿಲ್ ಅಂತೂ ಅವರ ಹೆಗಲ ಮೇಲೆ ಕುಳಿತು ಸಮುದ್ರಕ್ಕೇ ಟಾಟಾ ಮಾಡುತ್ತಿದ್ದ. ಆದರೆ ಮನೆ ಎನ್ನುವುದು ಬಂಡೆಯ ಮೇಲೆ ನಿಂತು ಸೂರ್ಯ ನೋಡುವ ಜಾಗ ಅಲ್ಲ. ಅಲ್ಲಿ ಮಕ್ಕಳು ಬೀಳುತ್ತಾರೆ, ಹಲ್ಲು ನೋಯುತ್ತದೆ, ಮೀನಿನ ಮುಳ್ಳು ಗಂಟಲಿಗೆ ಸಿಗುತ್ತದೆ. ಪಪ್ಪನ ಲೆಕ್ಕದಲ್ಲಿ ಸಂತೋಷವೊಂದೇ ಸತ್ಯ, ದುಃಖ ಎನ್ನುವುದು ಮನುಷ್ಯರು ಒಬ್ಬರಿಂದ ಒಬ್ಬರು ಕಲಿತ ಸುಳ್ಳು. ಹಾಗಾಗಿ ನಮ್ಮ ಮನೆಯಲ್ಲಿ ಅಳುವ ಹಾಗಿರಲಿಲ್ಲ. ಒಮ್ಮೆ ಬಾವಿಕಟ್ಟೆಯಿಂದ ಜಾರಿ ನನ್ನ ಮೊಣಕೈ ಮುರಿಯಿತು. ನಾನು ಬೊಬ್ಬೆ ಹಾಕುತ್ತ ಓಡಿ ಬಂದರೆ ಪಪ್ಪ ನನ್ನ ಗಲ್ಲ ಹಿಡಿದು ಮೆತ್ತಗೆ ಕೇಳಿದರು:

"ಯಾಕೆ ಸುಳ್ಳು ಹೇಳ್ತೀ ಐರಿನ್?"

ಹೊಡೆಯಲಿಲ್ಲ, ಬಯ್ಯಲಿಲ್ಲ. ಅಷ್ಟು ಪ್ರೀತಿಯಿಂದ ಕೇಳಿದರು. ಹೊಡೆದಿದ್ದರೆ ಒಳ್ಳೆಯದಿತ್ತು. ಮೂಳೆ ಮುರಿದ ಕೈ ಹಿಡಿದುಕೊಂಡು ನಾನು ಹಲ್ಲು ಕಿರಿದು ನಗಬೇಕಾಯಿತು, ಆ ನಗುವನ್ನು ನೋಡಿ ಅವರು "ಹಾಂ, ಈಗ ಸರಿ" ಎಂದರು. ಇವತ್ತಿಗೂ ನನಗೆ ಎಲ್ಲಿ ನೋವಾದರೂ ಮೊದಲು ಬಾಯಿಗೆ ನಗು ಬರುತ್ತದೆ. ಡಾಕ್ಟರ ಎದುರು ನಗುತ್ತೇನೆ. ಗಂಡ ತೀರಿಕೊಂಡಾಗ ಬಂದವರ ಮುಂದೆಲ್ಲ ಹಲ್ಲು ಬಿಟ್ಟುಕೊಂಡು ಕುಳಿತಿದ್ದೆ, ಬಂದವರು ನನಗೆ ತಲೆ ಸರಿಯಿಲ್ಲ ಎಂದುಕೊಂಡು ಹೋದರು. ಆನಂದದ ಕವಿ ಮಗಳಿಗೆ ಬಿಟ್ಟುಹೋದ ಆಸ್ತಿ ಇದು.

ಊಟದ ಹೊತ್ತಿನಲ್ಲೂ ಹೀಗೇ. ಗಂಜಿಯ ಬಟ್ಟಲಿನಿಂದ ಹಬೆ ಏಳುವಾಗ ಅವರಿಗೆ ಏನಾದರೂ ಹೊಳೆದರೆ, ಅವರು ಹೇಳಿ ಮುಗಿಸುವ ತನಕ ಯಾರೂ ಕೈ ಹಾಕಬಾರದು. ಬಂಗುಡೆ ಮೀನಿನ ಪುಳಿಮುಂಚಿ ಸಾರು ಆರಿ ಅದರ ಮೇಲೆ ಎಣ್ಣೆ ಕಟ್ಟಿಕೊಳ್ಳುತ್ತಿತ್ತು. ಸಿರಿಲ್ ಹಸಿವೆಯಿಂದ ಬೆರಳು ಚೀಪುತ್ತಿದ್ದ. ಅಮ್ಮ ಒಲೆಯ ಮುಂದೆ ಕುಳಿತು, "ಬೆಳಕಿನವರು ಊಟ ಮಾಡುದಿಲ್ಲ ಕಾಣ್ತದೆ, ಅದಕ್ಕೇ ಅವರಿಗೆ ಗೊತ್ತಾಗುದಿಲ್ಲ" ಎಂದು ಗೊಣಗುತ್ತಿದ್ದಳು. ನಾವು ಅವಳನ್ನು ಕರೆಯುತ್ತಿದ್ದದ್ದು ಮಾಂಯ್ ಎಂದು, ಮನೆಮಾತು ಕೊಂಕಣಿಯಲ್ಲವೇ. ಕನ್ನಡದಲ್ಲಿ ಬರೆಯಲು ಕುಳಿತರೆ ಅಮ್ಮ ಎಂದೇ ಬರುತ್ತದೆ. ಅವಳ ನಾಲಿಗೆ ಹರಿತ, ಆದರೆ ಆಗಿನ್ನೂ ಎದುರು ನಿಂತು ಹೇಳುವ ರೂಢಿ ಇರಲಿಲ್ಲ. ಗೊಣಗಾಟ ಎಲ್ಲ ಬಂಗುಡೆಗೆ ಹೇಳಿದ ಹಾಗೆ.

ಸಂಜೆ ದೀಪ ಹಚ್ಚಿದ ಮೇಲೆ ಸಾಲೆಯ ಗೋಡೆಯ ದೇವರ ಪೀಠದ ಮುಂದೆ ಎಲ್ಲರೂ ಮೊಣಕಾಲೂರಿ ತೇರ್ಸ್ ಹೇಳಬೇಕು. ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ. ನಮ್ಮಲ್ಲಿ ಎಂಥ ಬಡವರ ಮನೆಯಲ್ಲೂ ಅದು ತಪ್ಪುವುದಿಲ್ಲ. ಅದಕ್ಕೆ ಒಂದು ಕ್ರಮ ಉಂಟು. ಸೋಮವಾರ, ಗುರುವಾರ ಸಂತೋಷದ ರಹಸ್ಯಗಳು, ಅಂದರೆ ಮರಿಯಮ್ಮನಿಗೆ ದೇವದೂತ ಬಂದದ್ದು, ಯೇಸು ಹುಟ್ಟಿದ್ದು, ಇಂಥವು. ಮಂಗಳವಾರ, ಶುಕ್ರವಾರ ದುಃಖದ ರಹಸ್ಯಗಳು. ಯೇಸು ತೋಟದಲ್ಲಿ ರಕ್ತ ಬೆವರಿದ್ದು, ಚಾಟಿಯೇಟು, ಮುಳ್ಳಿನ ಕಿರೀಟ, ಶಿಲುಬೆ. ಉಳಿದ ದಿನಗಳಲ್ಲಿ ಮಹಿಮೆಯವು. ಪಪ್ಪ ದುಃಖದ ರಹಸ್ಯಗಳನ್ನು ನಮ್ಮ ಮನೆಯಿಂದ ಕಿತ್ತೇ ಹಾಕಿದ್ದರು. ಮಂಗಳವಾರವೂ ಸಂತೋಷ, ಶುಕ್ರವಾರವೂ ಸಂತೋಷ. ಅಕ್ಕಪಕ್ಕದ ಮನೆಗಳಿಂದ ಶಿಲುಬೆಯ ಪ್ರಾರ್ಥನೆ ಕೇಳುತ್ತಿರುವಾಗ ನಮ್ಮ ಮನೆಯಲ್ಲಿ ಯೇಸು ಮತ್ತೆ ಮತ್ತೆ ಹುಟ್ಟುತ್ತಿದ್ದ, ಯಾವತ್ತೂ ಸಾಯುತ್ತಿರಲಿಲ್ಲ. ವಿಷಯ ಇಗರ್ಜಿಯ ತನಕ ಹೋಗಿ ಅಲ್ಲಿನ ಮುಖ್ಯ ಪಾದ್ರಿ ವಿಗಾರ್ ಫಾದರ್ ಒಂದು ದಿನ ಮನೆಗೇ ಬಂದರು. ಪಪ್ಪ ಅವರನ್ನು ಕಲ್ಲಿನ ಮೇಲೆಯೇ ಕೂರಿಸಿ ಮಾತಾಡಿದರು.

"ದುಃಖ ದೇವರು ಮಾಡಿದ್ದಲ್ಲ ಫಾದರ್. ಅದನ್ನು ದಿನಾ ಯಾಕೆ ಬಾಯಿಪಾಠ ಮಾಡಬೇಕು?"

"ಶಿಲುಬೆ ಇಲ್ಲದೆ ಪುನರುತ್ಥಾನ ಎಲ್ಲಿಂದ ಬಂತು ಮಾರಾಯ?"

"ಶಿಲುಬೆ ನೀವು ನೋಡ್ತೀರಿ. ನಾನು ಅದರ ಹಿಂದಿನ ಬೆಳಕು ನೋಡ್ತೇನೆ."

ಫಾದರ್ ನಕ್ಕು, ಕವಿಗಳ ಹತ್ತಿರ ವಾದ ಮಾಡಿ ಗೆದ್ದವರುಂಟಾ ಎಂದು ಅಮ್ಮನ ಕಡೆ ನೋಡಿದರು. ಎಲ್ಲರಿಗೂ ಅದು ತಮಾಷೆ. ಅಮ್ಮ ನಗಲಿಲ್ಲ. ಅವಳು ಮಂಗಳವಾರ ಮತ್ತು ಶುಕ್ರವಾರ ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತ ದುಃಖದ ರಹಸ್ಯಗಳನ್ನು ಒಬ್ಬಳೇ ಪಿಸುಗುಟ್ಟಿ ಮುಗಿಸಿ, ಆಮೇಲೆ ಸಾಲೆಗೆ ಬಂದು ಪಪ್ಪನ ಸಂತೋಷಕ್ಕೆ ಆಮೆನ್ ಹೇಳುತ್ತಿದ್ದಳು.

ಸಿರಿಲ್‌ಗೆ ಜ್ವರ ಬಂದದ್ದು ಆಟಿ ತಿಂಗಳಿನಲ್ಲಿ. ಹೊರಗೆ ಎಡೆಬಿಡದೆ ಮಳೆ. ಆಗ ಅವನು ಶಾಲೆಗೆ ಇನ್ನೂ ಸೇರಿರಲಿಲ್ಲ. ಮೊದಲು ಕಷಾಯ, ಆಮೇಲೆ ಕಾಪುವಿನ ಡಾಕ್ಟರ ಮಾತ್ರೆ, ಯಾವುದಕ್ಕೂ ಬಗ್ಗಲಿಲ್ಲ. ಜ್ವರ ಏರಿದಾಗ ಮಗು ಮಾಡಿನ ಹೆಂಚುಗಳ ಕಡೆ ನೋಡಿ ನಗುತ್ತಿತ್ತು. ಪಪ್ಪ ಅವನ ಹಾಸಿಗೆಯ ಪಕ್ಕ ಕುಳಿತು, ಕಣ್ಣಲ್ಲಿ ನೀರು ತುಂಬಿಕೊಂಡು, "ಇವನಿಗೂ ಕಾಣ್ತದೆ, ನೋಡು, ಇವನಿಗೂ ಕಾಣ್ತದೆ" ಎಂದರು. ಅಮ್ಮ ಮಗುವನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಮಳೆಯಲ್ಲೇ ಹೆದ್ದಾರಿಗೆ ನಡೆದು, ಬಸ್ಸು ಹಿಡಿದು ಮಣಿಪಾಲದ ಆಸ್ಪತ್ರೆಗೆ ಹೋದಳು. ಪಪ್ಪ ಹಿಂದಿನಿಂದ ಕೊಡೆ ಹಿಡಿದುಕೊಂಡು ಹೋದರು. ಡಾಕ್ಟರುಗಳು ಮಾಡಬೇಕಾದ್ದೆಲ್ಲ ಮಾಡಿದರಂತೆ. ತಡವಾಗಿತ್ತಂತೆ. ಆ ದಿನಗಳಲ್ಲಿ ನಾನು ಪಕ್ಕದ ಮನೆಯಲ್ಲಿದ್ದೆ. ಅವರು ಹಿಂದಿರುಗಿದ್ದು ಬಾಡಿಗೆ ಕಾರಿನಲ್ಲಿ. ನಮ್ಮ ಓಣಿಗೆ ಬಾಡಿಗೆ ಕಾರು ಬಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು.

ಸಾಲೆಯಲ್ಲಿ ಬಿಳಿ ಪೆಟ್ಟಿಗೆ ಇಟ್ಟಿದ್ದರು. ಊರಿನ ಹೆಂಗಸರು ಬಂದರು, ನಮ್ಮವರೂ ಬಂದರು, ಹಿಂದುಗಳೂ ಬಂದರು. ಕಾಪುವಿನಿಂದ ದಿನಾ ಮೀನು ತರುತ್ತಿದ್ದ ಗಿರಿಜಕ್ಕ ಬುಟ್ಟಿಯನ್ನು ಅಂಗಳದಲ್ಲೇ ಬಿಟ್ಟು ಒಳಗೆ ಬಂದಳು. ಸಿರಿಲ್‌ಗೆ ದಿನಾ ಒಂದು ಸಣ್ಣ ಸಿಗಡಿ ಕೈಗೆ ಕೊಟ್ಟು ಹೋಗುತ್ತಿದ್ದವಳು ಅವಳು. ಪೆಟ್ಟಿಗೆ ನೋಡಿದ್ದೇ ಎದೆ ಬಡಿದುಕೊಂಡು ಅಳತೊಡಗಿದಳು. ಅಮ್ಮನ ಮುಖ ಆಗ ಸ್ವಲ್ಪ ಸಡಿಲವಾಯಿತು, ಬಾಯಿ ತೆರೆಯಿತು, ಇನ್ನೇನು ಅವಳೂ ಅಳಬೇಕು. ಅಷ್ಟರಲ್ಲಿ ಪಪ್ಪ ಎದ್ದು ನಿಂತರು.

"ಅಳುವವರು ಹೊರಗೆ ಹೋಗಿ. ನನ್ನ ಮಗ ನಗ್ತಾ ಹೋಗಿದ್ದಾನೆ. ನಾನು ಕಂಡಿದ್ದೇನೆ. ಅವನನ್ನು ಕರಕೊಂಡು ಹೋಗ್ಲಿಕ್ಕೆ ಅವರು ಬಂದಿದ್ದರು, ಅವನು ಹೋಗ್ತಾ ತಿರುಗಿ ನೋಡಿ ಕೈಬೀಸಿದ. ಇದು ಸಂತೋಷದ ಮನೆ."

"ಎಂತ ಪೊರ್ಬುಗಳೇ," ಎಂದಳು ಗಿರಿಜಕ್ಕ, ಮೂಗು ಸೀಟಿಕೊಂಡು, ಅಮ್ಮನ ಕಡೆ ಕೈ ತೋರಿಸಿ, "ಸತ್ತ ಮನೆಯಲ್ಲಿ ಅಳ್ಲಿಕ್ಕೂ ನಿಮ್ಮ ಪರ್ಮಿಶನ್ ಬೇಕಾ? ಈ ಬಾಯಮ್ಮನ ಮುಖ ನೋಡಿ. ಅಳದಿದ್ದರೆ ಎದೆ ಒಡೆದು ಹೋಗ್ತದೆ."

ಪಪ್ಪ ಅವಳ ತೋಳು ಹಿಡಿದು, ಗೌರವದಿಂದಲೇ, ಬಾಗಿಲ ಹೊರಗೆ ಬಿಟ್ಟು ಬಂದರು. ಉಳಿದವರು ಸೆರಗು ಬಾಯಿಗೆ ಒತ್ತಿಕೊಂಡರು. ಅಮ್ಮ ಬಾಯಿ ಮುಚ್ಚಿದಳು. ನಾನು ಅವಳ ಪಕ್ಕದಲ್ಲೇ ಕುಳಿತಿದ್ದೆ, ಕಂಡಿದ್ದೇನೆ.  ಇಗರ್ಜಿಯಲ್ಲೂ ಅವಳ ಪರವಾಗಿ ಯಾರೂ ಇರಲಿಲ್ಲ. ಬುದ್ಧಿ ಬಲಿಯದ ಮಗು ಸತ್ತರೆ ಅದು ಸೀದಾ ದೇವದೂತ ಆಗುತ್ತದೆ, ಅದರ ಆತ್ಮಕ್ಕೆ ಯಾರೂ ಪ್ರಾರ್ಥಿಸಬೇಕಾಗಿಲ್ಲ ಎಂದು ಫಾದರ್ ಪ್ರಸಂಗದಲ್ಲಿ ಹೇಳಿದರು. ಸಮಾಧಾನಕ್ಕೆ ಹೇಳಿದ್ದು. ಪಪ್ಪ ತಲೆಯಾಡಿಸಿದರು. ಹಾಗಾದರೆ ತಾಯಿ ಎನ್ನುವವಳಿಗೆ ಇನ್ನು ಮಾಡಲಿಕ್ಕೆ ಎಂತ ಉಳಿಯಿತು ಎಂದು ಒಬ್ಬ ಗಂಡಸಿಗೂ ಹೊಳೆಯಲಿಲ್ಲ.

ಕಲ್ಲು ಪಪ್ಪನೇ ಕೆತ್ತಿದರು. ಊಟ, ನಿದ್ದೆ ಬಿಟ್ಟು ಕೆತ್ತಿದರು. ಮುಗಿದ ದಿನ ನಮ್ಮನ್ನು ಜಗಲಿಗೆ ಕರೆದು ತೋರಿಸಿದರು. ಅಕ್ಷರಗಳು ಎಷ್ಟು ಚೆಂದ ಇದ್ದವೆಂದರೆ, ಸಿಟ್ಟಿನಲ್ಲೂ ಹೇಳಬೇಕು, ಅಷ್ಟು ಚೆಂದದ ಕೆಲಸ ಅವರು ಮತ್ತೆಂದೂ ಮಾಡಲಿಲ್ಲ. ಅಮ್ಮ ಆ ಎರಡು ಸಾಲು ಓದಿದಳು. ಕಲ್ಲಿನ ಹಿಂದೆ ಇಣುಕಿ ನೋಡಿದಳು.

"ಹೆಸರೆಲ್ಲಿ?"

"ಅವನಿಗೆ ಇನ್ನು ಹೆಸರು ಎಂತಕ್ಕೆ? ಹೆಸರು ಇಲ್ಲಿಯದ್ದು. ನಾವು ಹಾಕಿದ್ದು."

"ನಾವು ಹಾಕಿದ್ದೇ ನಂಗೆ ಬೇಕು. ಸಿರಿಲ್ ಅಂತ ಬರೆಯಿರಿ."

"ಬರೆದರೆ ಅದು ಸುಳ್ಳಾಗ್ತದೆ. ಅವನು ಅಲ್ಲಿ ಇಲ್ಲ. ಇಲ್ಲದವನ ಹೆಸರು ಕಲ್ಲಿನ ಮೇಲೆ ಹಾಕಿ ಅವನನ್ನು ಮಣ್ಣಿಗೆ ಕಟ್ಟಿಹಾಕಬೇಕಾ?"

ಕಾಪುವಿನಿಂದ ಕಾರ್ಕಳದ ತನಕ ಯಾವ ಸಿಮಿತ್ರಿಗೆ ಹೋದರೂ ಪಪ್ಪ ಕೆತ್ತಿದ ಹೆಸರುಗಳು ಸಿಗುತ್ತಿದ್ದವು. ಕುಡಿದು ಹೊಳೆಗೆ ಬಿದ್ದವನ ಹೆಸರು, ಹೆಂಡತಿಗೆ ಹೊಡೆಯುತ್ತಿದ್ದವನ ಹೆಸರು, ಬಡ್ಡಿ ವ್ಯಾಪಾರಿಯ ಹೆಸರು, ಎಲ್ಲರದ್ದೂ ಕರಿಕಲ್ಲಿನಲ್ಲಿ ಉಳಿದಿತ್ತು. ಸ್ವಂತ ಮಗನಿಗೆ ಮಾತ್ರ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಗಾದೆಯನ್ನು ನಮ್ಮ ಮನೆ ನೋಡಿಯೇ ಕಟ್ಟಿರಬೇಕು. ಕಲ್ಲು ಹಾಗೇ ಸಿಮಿತ್ರಿಗೆ ಹೋಯಿತು. ಅದನ್ನು ನೋಡಲಿಕ್ಕೆ ಕಾರ್ಕಳದ ಮಾಸ್ಟ್ರು ಬಂದರು, ಓದಿ ಕಣ್ಣೊರೆಸಿಕೊಂಡರು, ಪತ್ರಿಕೆಗೆ ಬರೆದರು. ಆ ಪತ್ರಿಕೆಯನ್ನು ಪಪ್ಪ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದರು. ಅಮ್ಮ ಬಡಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

ಅದರ ಮರುದಿನ ಸಂಜೆ ತೇರ್ಸ್‌ಗೆ ಎಲ್ಲರೂ ಮೊಣಕಾಲೂರಿದೆವು. ಪಪ್ಪ ಸಂತೋಷದ ಮೊದಲ ರಹಸ್ಯ ಎಂದು ಶುರು ಮಾಡಿದರು. ಅಮ್ಮ ಅವರ ಪಕ್ಕದಲ್ಲೇ, ಅಷ್ಟೇ ಗಟ್ಟಿಯಾಗಿ, ದುಃಖದ ಮೊದಲ ರಹಸ್ಯ ಎಂದಳು. ಪಪ್ಪ ನಿಲ್ಲಿಸಿ ಅವಳ ಮುಖ ನೋಡಿದರು. ಅವಳು ನಿಲ್ಲಿಸಲಿಲ್ಲ. ಆ ದಿನ ಸೋಮವಾರ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ದಿನಾ ಸಂಜೆ ಎರಡು ತೇರ್ಸ್, ಒಂದೇ ಪೀಠದ ಮುಂದೆ, ಒಂದೇ ಹೊತ್ತಿಗೆ. ಅವರ ಕಡೆ ಯೇಸು ಹುಟ್ಟುತ್ತಾನೆ, ಇವಳ ಕಡೆ ಅವನಿಗೆ ಮೊಳೆ ಹೊಡೆಯುತ್ತಾರೆ. ಪಪ್ಪ ಒಂದು ಸಂಜೆಯೂ ಸಿಟ್ಟಾಗಲಿಲ್ಲ, ದನಿ ಮಾತ್ರ ಏರಿಸುತ್ತಿದ್ದರು, ಅವಳೂ ಏರಿಸುತ್ತಿದ್ದಳು. ನಡುವೆ ನಾನು. ಯಾರಿಗೆ ಆಮೆನ್ ಹೇಳುವುದು? ಇವರಿಗೆ ಹೇಳಿದರೆ ಅವಳ ಕಣ್ಣು, ಅವಳಿಗೆ ಹೇಳಿದರೆ ಇವರ ಆ ಹಾಳು ಪ್ರೀತಿಯ ನೋಟ. ಕೊನೆಗೆ ಇಬ್ಬರ ಕಾಲಿಗೂ ಬಗ್ಗಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು. ದೇವರು ಒಳ್ಳೆಯದು ಮಾಡಲಿ ಎಂದು ಇಬ್ಬರೂ ಹೇಳುತ್ತಿದ್ದರು. ಎಂಥ ಒಳ್ಳೆಯದು ಮಾರಾಯ್ರೆ! ಗಂಡ ಹೆಂಡತಿ ಪಾತ್ರೆ ಎಸೆದುಕೊಂಡು ಜಗಳ ಮಾಡುವ ಮನೆಗಳನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ನಮ್ಮಲ್ಲಿ ನವೆಂಬರ್ ಎರಡು ಸತ್ತವರ ಹಬ್ಬ. ಆ ದಿನ ಸಿಮಿತ್ರಿಯನ್ನು ಗುಡಿಸಿ, ಹುಲ್ಲು ಕಿತ್ತು, ಎಲ್ಲರೂ ತಮ್ಮ ತಮ್ಮವರ ಸಮಾಧಿಗೆ ಹೂ ಹಾಕಿ ಮೊಂಬತ್ತಿ ಹಚ್ಚಿ ಪಕ್ಕದಲ್ಲಿ ನಿಲ್ಲುತ್ತಾರೆ. ಫಾದರ್ ಸಾಲಾಗಿ ಬಂದು ಪ್ರತಿ ಸಮಾಧಿಯ ಮುಂದೆ ನಿಂತು, ಕಲ್ಲಿನ ಮೇಲಿನ ಹೆಸರು ಓದಿ, ಪವಿತ್ರ ನೀರು ಚಿಮುಕಿಸುತ್ತಾರೆ. ಹಳೆಯ ವಿಗಾರ್ ಫಾದರಿಗೆ ನಮ್ಮ ಮನೆಯ ಕತೆ ಗೊತ್ತಿದ್ದದ್ದರಿಂದ ಅವರು ಪ್ರತಿ ವರ್ಷ ನಮ್ಮ ಕಲ್ಲಿನ ಮುಂದೆ ತಾವಾಗಿಯೇ ಸಿರಿಲ್ ಎಂದು ಹೇಳಿ ಹೋಗುತ್ತಿದ್ದರು. ಅಮ್ಮ ಇಡೀ ವರ್ಷ ಕಾಯುತ್ತಿದ್ದದ್ದು ಆ ಒಂದು ಶಬ್ದಕ್ಕೆ. ಒಂದು ವರ್ಷ ಅವರಿಗೆ ವರ್ಗವಾಗಿ ಹೊಸಬರು ಬಂದಿದ್ದರು. ಚಿಕ್ಕ ಪ್ರಾಯದವರು, ಓದಿದವರು. ನಮ್ಮ ಕಲ್ಲಿನ ಮುಂದೆ ಬಂದು ನಿಂತು ಓದಿದರು, ಹೆಸರು ಹುಡುಕಿದರು, ಮತ್ತೆ ಆ ಸಾಲುಗಳನ್ನೇ ಓದಿ ಮುಖ ಅರಳಿಸಿಕೊಂಡರು.

"ಆಹಾ, ಎಂಥ ಮಾತು ಇದು! ಯಾರ ಸಮಾಧಿ ಅಮ್ಮ?"

ಪಪ್ಪ ನಮ್ಮ ಹಿಂದೆ ನಿಂತಿದ್ದರು. ಅಮ್ಮ ಮೊಂಬತ್ತಿಯನ್ನು ಬಾಗಿಸಿ ಆರಿಸಿದಳು.

"ಯಾರದ್ದೂ ಅಲ್ಲ ಫಾದರ್. ಅದರಲ್ಲೇ ಉಂಟಲ್ಲ, ಇಲ್ಲಿ ಯಾರೂ ಇಲ್ಲ ಅಂತ. ಯಾರೂ ಇಲ್ಲದಲ್ಲಿಗೆ ನೀರು ಎಂತಕ್ಕೆ? ನೀವು ಮುಂದೆ ಹೋಗಿ."

ಫಾದರ್ ತಬ್ಬಿಬ್ಬಾದರು. ಸುತ್ತಲಿನ ಸಮಾಧಿಗಳ ಹತ್ತಿರ ನಿಂತವರೆಲ್ಲ ತಿರುಗಿ ನೋಡಿದರು. "ಮುಂದೆ ಹೋಗಿ ಅಂತ ಹೇಳಿದೆನಲ್ಲ" ಎಂದಳು ಅಮ್ಮ, ಇನ್ನೂ ಗಟ್ಟಿಯಾಗಿ. ಅವರು ನೀರು ಹಾಕದೆ ಪಕ್ಕದ ಸಮಾಧಿಗೆ ಹೋದರು. ಅಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಗೇಟು ದಾಟಿದಳು. ಮನೆ ತಲುಪುವಾಗ ನನ್ನ ಮಣಿಕಟ್ಟು ಕೆಂಪಾಗಿತ್ತು. ಪಪ್ಪ ಹಿಂದಿನಿಂದ ಬಂದು ಜಗಲಿ ಹತ್ತಿದ್ದೇ ತಡ, ಅಷ್ಟು ವರ್ಷ ಬಂಗುಡೆಗೆ ಹೇಳುತ್ತಿದ್ದ ಮಾತುಗಳೆಲ್ಲ ಅವರ ಮುಖಕ್ಕೆ ಬಂದವು.

"ಊರಿನ ಸತ್ತವರಿಗೆಲ್ಲ ಹೆಸರು ಉಂಟು. ನನ್ನ ಮಗನಿಗೆ ನಿಮ್ಮ ಕವಿತೆ! ಜನ ನಿಮ್ಮ ಕವಿತೆ ಓದ್ಲಿಕ್ಕೆ ಬರ್ತಾರೆ, ನನ್ನ ಮಗನನ್ನು ನೋಡ್ಲಿಕ್ಕೆ ಯಾರು ಬರ್ತಾರೆ?"

"ನೀನು ಸಿಟ್ಟಿನಲ್ಲಿ ಇದ್ದೀ. ಸಿಟ್ಟು ಇಳಿದ ಮೇಲೆ ನಿನಗೂ ಸತ್ಯ ಕಾಣ್ತದೆ."

"ಸತ್ಯವಾ? ಸತ್ಯದ ಮಾತು ನೀವು ಎತ್ತಬೇಡಿ. ಅವನು ಹೋಗುವಾಗ ನೀವು ಎಲ್ಲಿದ್ದಿರಿ?"

ಪಪ್ಪ ಜಗಲಿಯ ಕಲ್ಲುಗಳ ಕಡೆ ತಿರುಗಿದರು.

"ಹೇಳಿ. ಮಗಳು ಕೇಳಲಿ. ನೀವು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಆಕಾಶ ನೋಡ್ತಾ ಇದ್ದಿರಿ. ಪಕ್ಕದಲ್ಲಿ ಇದ್ದದ್ದು ನಾನು. ಅವನು ನಗಲಿಲ್ಲ. ಕೈಬೀಸಲಿಲ್ಲ. ಯಾರೂ ಕರಕೊಂಡು ಹೋಗ್ಲಿಕ್ಕೆ ಬರಲಿಲ್ಲ. ನೀರು ಬೇಕು ಅಂದ. ಮಾಂಯ್, ನೋಯ್ತದೆ ಅಂದ. ಅದು ಸುಳ್ಳಾ? ನನ್ನ ಮಗ ಕೊನೆಗೆ ಹೇಳಿದ್ದು ಸುಳ್ಳಾ?"

ಅಮ್ಮ ಇದನ್ನು ಹೇಳಿದ್ದು ಅದೇ ಮೊದಲು. ಸಾವಿನ ದಿನ ಅಳಲು ಬಾಯಿ ತೆರೆದಿದ್ದಳಲ್ಲ, ಆಗ ಅದನ್ನು ಮುಚ್ಚಿಸಿದವರು ಇವರೇ. ಪಪ್ಪ ಕಲ್ಲುಗಳ ನಡುವೆ ಕುಳಿತರು. "ನನಗೆ ಕಂಡದ್ದು" ಎಂದರು, ಅಷ್ಟೇ. ಆ ಸಂಜೆ ತೇರ್ಸ್‌ಗೆ ಅವರು ಬಂದರು, ಮೊಣಕಾಲೂರಿದರು, ಆದರೆ ಬಾಯಿ ತೆರೆಯಲಿಲ್ಲ. ಅಮ್ಮ ಒಬ್ಬಳೇ ಹೇಳಿದಳು. ಇಷ್ಟು ವರ್ಷ ಬೇಕಾಯಿತು ಇವರ ಬಾಯಿ ಮುಚ್ಚಿಸಲು ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಹೇಳಿಬಿಡುತ್ತೇನೆ, ತುಂಬಾ ಖುಷಿಯಾಯಿತು.

ಮರುದಿನ ಬೆಳಿಗ್ಗೆ ಪಪ್ಪ ಚೀಲದಲ್ಲಿ ಉಳಿ, ಸುತ್ತಿಗೆ ಹಾಕಿಕೊಂಡು ಒಬ್ಬರೇ ಹೋದರು. ಮಧ್ಯಾಹ್ನ ಕಳೆದರೂ ಬರಲಿಲ್ಲ. ಅಮ್ಮ ಒಂದು ಸಲ ಅಂಗಳದ ತುದಿಗೆ ಹೋಗಿ ಕಿವಿಗೊಟ್ಟು ನಿಂತು ಒಳಗೆ ಬಂದಳು. ಬಿಸಿಲು ಇಳಿಯುವ ಹೊತ್ತಿಗೆ "ಬಾ" ಎಂದು ನನ್ನನ್ನು ಕರೆದುಕೊಂಡು ಸಿಮಿತ್ರಿಗೆ ನಡೆದಳು. ಹಿಂದಿನ ದಿನದ ಹೂಗಳು ಎಲ್ಲ ಕಡೆ ಬಾಡಿ ಬಿದ್ದಿದ್ದವು. ಪಪ್ಪ ಕೆಲಸ ಮುಗಿಸಿ, ಕಲ್ಲಿನ ಪುಡಿಯನ್ನು ಅಂಗೈಯಿಂದ ಒರೆಸುತ್ತಿದ್ದರು. ಮೇಲಿನ ಎರಡು ಸಾಲುಗಳ ಚೆಂದ ಆ ಹೆಸರಿನಲ್ಲಿ ಇರಲಿಲ್ಲ. ಅಕ್ಷರಗಳು ಸ್ವಲ್ಪ ಓರೆ, ಒಂದು ಕಡೆ ಉಳಿ ಜಾರಿದ ಗೆರೆ.  ಆದರೆ ಹೆಸರು ಇತ್ತು. ಸಿರಿಲ್.

ಅಮ್ಮ ಗೆದ್ದಳು ಎಂದುಕೊಂಡೆ ನಾನು. ಅವಳು ತಲೆಯೆತ್ತಿ ನಿಲ್ಲುತ್ತಾಳೆ, ಮೊಂಬತ್ತಿ ಹಚ್ಚುತ್ತಾಳೆ ಎಂದು ಕಾದೆ. ಅವಳು ಹೆಸರನ್ನು ಓದಿದಳು. ತುಟಿ ಅಲ್ಲಾಡಿಸಿ ಮತ್ತೊಮ್ಮೆ ಓದಿದಳು. ಆಮೇಲೆ ಮಣ್ಣಿನ ಮೇಲೆ ಕುಳಿತು, ಕಲ್ಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ನಾನು ಹುಟ್ಟಿದ ಮೇಲೆ ಅವಳ ಬಾಯಿಂದ ಎಂದೂ ಕೇಳದ ದನಿಯಲ್ಲಿ ಕೂಗಿದಳು. ಇಗರ್ಜಿಯ ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಪಪ್ಪ ಗಾಬರಿಯಾಗಿ ಅವಳ ಹೆಗಲು ಹಿಡಿದು ಎಬ್ಬಿಸಲು ಹೋದರು.

"ಮುಟ್ಟಬೇಡಿ," ಎಂದಳು ಅಮ್ಮ. "ನನ್ನ ಮಗ ಸತ್ತದ್ದು ಇವತ್ತು. ಇವತ್ತಾದರೂ ಅಳ್ಲಿಕ್ಕೆ ಬಿಡಿ."

ಪಪ್ಪ ಕೈ ತೆಗೆದರು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಎರಡು ಸಮಾಧಿಗಳ ಆಚೆ ಹೋಗಿ, ಬೇರೆ ಯಾರದೋ ಕಲ್ಲಿಗೆ ಒರಗಿ ಕುಳಿತು, ನನ್ನ ಕಡೆಗೆ ಕೈ ಚಾಚಿದರು. ಅವರ ಮುಖ ಒದ್ದೆಯಾಗಿತ್ತು. ನಾನು ಹೋಗಲಿಲ್ಲ.